ಆ ತಾಯಿ ಪ್ರಶ್ನೆ ಕೇಳಿರಲಿಲ್ಲ

ಮೇಷ್ಟ್ರ ಬೆರಳು ಬ್ರೈಲ್ ಸಾಲಿನ ಕೊನೆಯಲ್ಲಿ ನಿಂತಿತು. ಹಿಂದಕ್ಕೆ ಸರಿದು ಮತ್ತೆ ಅಲ್ಲಿಗೇ ಬಂದಿತು. “ಮಗ ಬರುತ್ತಾನೋ ಇಲ್ಲವೋ ಎಂದು ಈ ತಾಯಿಗೆ ಅನುಮಾನ ಏಕಮ್ಮ?” ಎಂದು ಕೇಳಿದರು.

ನನ್ನ ಮುಂದಿದ್ದ, ಅದೇ ಕಥೆಯ ಮುದ್ರಿತ ಪುಟದಲ್ಲಿ ಅನುಮಾನವೇ ಇರಲಿಲ್ಲ. ‘ನಾಳೆ ಬರುತ್ತಾನೆ’ ಎಂದು ಆಕೆ ನೆರೆಮನೆಯವಳಿಗೆ ನೆಮ್ಮದಿಯಿಂದ ಹೇಳುತ್ತಾಳೆ.

ಬ್ರೈಲ್‌ನ ಪ್ರತಿ ಮನೆಯಲ್ಲಿ ಆರು ಬಿಂದುಗಳ ಜಾಗ: ಎಡಗಡೆ ಮೇಲಿನಿಂದ ಕೆಳಕ್ಕೆ 1-2-3, ಬಲಗಡೆ 4-5-6. ನಮ್ಮ ದೇಶದ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಉದ್ಧರಣ ಚಿಹ್ನೆ ತೆರೆಯುವುದು 2-3-6 ಬಿಂದುಗಳಿಂದ, ಮುಚ್ಚುವುದು 3-5-6ರಿಂದ. ಪ್ರಶ್ನಾರ್ಥಕ ಚಿಹ್ನೆಯೂ 2-3-6. ಪದದ ಮೊದಲಿಗೆ ಬಂದರೆ ಮಾತು ಶುರುವಾಯಿತೆಂದು, ಕೊನೆಗೆ ಬಂದರೆ ಪ್ರಶ್ನೆಯೆಂದು ಓದುಗರು ತಿಳಿಯುತ್ತಾರೆ. ಬ್ರೈಲ್‌ಗೆ ಬದಲಿಸಲು ನಮಗೆ ಬಂದ ಡಿಟಿಪಿ ಕಡತದಲ್ಲಿ ಮಾತಿನ ಎರಡೂ ಕಡೆ ಒಂದೇ ಬಗೆಯ ನೇರ ಗೀಟುಗಳಿದ್ದವು. ತಂತ್ರಾಂಶ ಎರಡನ್ನೂ ತೆರೆಯುವ ಚಿಹ್ನೆಯಾಗಿಯೇ ಬದಲಿಸಿತ್ತು. ಅದನ್ನು ಗಮನಿಸದೆ ಅಚ್ಚಿಗೆ ಕೊಟ್ಟವಳು ನಾನು. ಆ ಕಥೆಯಲ್ಲಿ ಮಾತಾಡಿದವರೆಲ್ಲರೂ ಪ್ರಶ್ನೆ ಕೇಳುವವರಾಗಿಬಿಟ್ಟಿದ್ದರು.

ಅಂದಿನಿಂದ ಪ್ರತಿ ಉದ್ಧರಣ ಚಿಹ್ನೆಯನ್ನೂ ಒಂದೊಂದಾಗಿ ನೋಡುತ್ತೇನೆ. ಪೂರ್ಣವಿರಾಮಕ್ಕೆ ಮುಂಚೆ ಬಿಟ್ಟ ಖಾಲಿ ಜಾಗವನ್ನೂ ತೆಗೆಯುತ್ತೇನೆ. ಕನ್ನಡ ಟೈಪಿಂಗ್‌ನಲ್ಲಿ ಈ ಅಭ್ಯಾಸ ಬಹಳ. ಪೂರ್ಣವಿರಾಮ 2-5-6; ಅದೇ ಆಕಾರ ಒಂದು ಹಂತ ಮೇಲೇರಿದರೆ 1-4-5, ಅಂದರೆ ‘ದ’. ಪಕ್ಕದಲ್ಲಿ ಅಕ್ಷರವಿದ್ದರೆ ಬೆರಳಿಗೆ ಎತ್ತರ ತಿಳಿಯುತ್ತದೆ. ಒಂಟಿಯಾಗಿ ನಿಂತರೆ ಮೇಲೋ ಕೆಳಗೋ ಹೇಳುವುದು ಕಷ್ಟ.

ಹಾಗೆಂದು ಲೇಖಕರ ಚಿಹ್ನೆಯನ್ನು ತಿದ್ದುವ ಹಕ್ಕು ನನಗಿಲ್ಲ. ಟೈಪಿಂಗ್ ದೋಷ ಬೇರೆ, ಬರೆದವರು ಬೇಕೆಂದೇ ಇಟ್ಟ ಅರ್ಧವಿರಾಮ ಬೇರೆ. “ಅರ್ಥವಾದರೆ ಸಾಲದೇ?” ಎಂದು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕೇಳಿದ್ದರು. ಸಾಲದು. ಲೇಖನ ಚಿಹ್ನೆಗಳ ಪಾಠ ಅಂಧ ಮಕ್ಕಳಿಗೂ ಇದೆ, ಪರೀಕ್ಷೆಯೂ ಇದೆ. ಪಕ್ಕದ ಬೆಂಚಿನ ಹುಡುಗಿ ಕಣ್ಣಲ್ಲಿ ಕಂಡ ಆಶ್ಚರ್ಯಸೂಚಕ ಇವರ ಬೆರಳಿಗೆ ಸಿಗದಿದ್ದರೆ, ಇಬ್ಬರೂ ಓದಿದ್ದು ಒಂದೇ ಪಾಠವಲ್ಲ.

ಮೊನ್ನೆ ತಿದ್ದಿದ ಪ್ರತಿಯನ್ನು ಮೇಷ್ಟ್ರಿಗೆ ಕೊಟ್ಟೆ. ತಾಯಿಯ ಮಾತಿನ ಬಳಿ ಬೆರಳು ತಡೆಯಲಿಲ್ಲ, ಮುಂದಿನ ಸಾಲಿಗೆ ಇಳಿಯಿತು. ಎರಡು ಪುಟ ದಾಟಿದ ಮೇಲೆ ಮತ್ತೆ ನಿಂತರು.

“ಇಲ್ಲಿ ಮಾತು ಅರ್ಧಕ್ಕೆ ನಿಂತಿದೆ. ಪುಸ್ತಕದಲ್ಲಿ ಎಷ್ಟು ಚುಕ್ಕೆ ಇವೆ, ನೋಡಿ ಹೇಳಮ್ಮ.”

ಎಣಿಸಿದೆ. ಐದಿದ್ದವು. ನಾನು ಮೂರು ಹಾಕಿದ್ದೆ.