ಪ್ರೇಯರ್ ಮಾಡ್ತೀನಿ ಅಂದು ಸುಮ್ಮನಾದ ಫ್ರೆಂಡು ನಾನು

ಹೋದ ವರ್ಷ ಫ್ರೆಂಡ್ ಒಬ್ಬನ ಅಪ್ಪ ತೀರಿಕೊಂಡ್ರು, ನಾನು ವಾಟ್ಸಾಪಲ್ಲಿ ಒಂದು ಬೈಬಲ್ ವಚನ, ಕೈ ಮುಗಿದ ಇಮೋಜಿ ಎರಡು, "ಪ್ರೇಯರ್ ಮಾಡ್ತೀನಿ ಕಣೋ" ಅಂತ ಕಳಿಸಿ ಸುಮ್ಮನಾದೆ. ನಿಜ ಹೇಳ್ಬೇಕಂದ್ರೆ ಪ್ರೇಯರೂ ಮಾಡ್ಲಿಲ್ಲ, ಮರೆತೇಹೋಯ್ತು.

ಮೊನ್ನೆ ಬೈಬಲಿನ 1 ಸಮುವೇಲ ಪುಸ್ತಕದ 23ನೇ ಅಧ್ಯಾಯ ಓದ್ತಾ ಇದ್ದೆ. ರಾಜ ಸೌಲ ದಾವೀದನನ್ನ ಕೊಲ್ಲೋಕೆ ದಿನಾ ಹುಡುಕ್ತಿದ್ದಾನೆ, ದಾವೀದ ಕಾಡಲ್ಲಿ ಅಡಗಿದ್ದಾನೆ, ಆಗ ಸೌಲನ ಸ್ವಂತ ಮಗ, ದಾವೀದನ ಫ್ರೆಂಡು ಯೋನಾತಾನ ಎದ್ದು ಅಲ್ಲಿಗೇ ಹೋಗ್ತಾನೆ, ಹೋಗಿ ಹೆದರಬೇಡ, ರಾಜ ಆಗೋನು ನೀನೇ ಅಂತ ದೇವರಲ್ಲಿ ಧೈರ್ಯ ತುಂಬ್ತಾನೆ. ಸಿಂಹಾಸನ ತನಗೆ ಬರಬೇಕಾಗಿದ್ದದ್ದು ಕಣ್ರೀ! ನಮಗೆ ಫ್ರೆಂಡಿಗೆ ಪ್ರಮೋಷನ್ ಸಿಕ್ರೇನೇ ಹೊಟ್ಟೆ ಉರಿಯತ್ತೆ.

ಬೈಬಲಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳ್ಕೊಂಡ ಯೋಬನ ಮೂರು ಜನ ಸ್ನೇಹಿತರನ್ನ ಎಲ್ರೂ ಬೈತೀವಿ, ಆದ್ರೆ ಅವರು ಬಂದು 7 ಹಗಲು 7 ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ರು, ಅದನ್ನ ಯಾರೂ ಹೇಳಲ್ಲ. ಕೆಟ್ಟಿದ್ದು ಬಾಯಿ ತೆಗೆದು ನಿನ್ನದೇ ತಪ್ಪು ಅಂದ ಮೇಲೆ. ನಾನಂತೂ ಕೂರೋದಕ್ಕೂ ಹೋಗ್ಲಿಲ್ಲ.

ಭಾನುವಾರ ಆರಾಧನೆ ಮುಗಿಸ್ಕೊಂಡು ಸೀದಾ ಅವನ ಮನೆಗೆ ಹೋದೆ. ದಾರಿಯುದ್ದಕ್ಕೂ ಸಾರಿ ಹೇಗೆ ಕೇಳೋದು ಅಂತ ರಿಹರ್ಸಲ್ಲು. ಬಾಗಿಲು ತೆಗೆದವನು ನನ್ನ ಮುಖ ನೋಡಿ, "ಈಗ ನೆನಪಾಯ್ತೇನೋ" ಅಂದ, ಆಮೇಲೆ ಅಪ್ಪ ಕೂರ್ತಿದ್ದ ಕುರ್ಚಿ ಮೇಲಿದ್ದ ಪೇಪರ್ ಕಟ್ಟು ತೆಗೆದಿಟ್ಟು, ಕೂತ್ಕೋ ಅಂದ.