ಕಾಲುಚೀಲದ ತುಂಬ ಉತ್ತರಾಣಿ

ಸಂಜೆ ಬಟ್ಟೆ ನೆನೆಹಾಕೋಕೆ ಅಂತ ಮಗನ ಕಾಲುಚೀಲ ಎತ್ಕೊಂಡೆ. ತುಂಬಾ ಉತ್ತರಾಣಿ ಬೀಜ.
ಅವನ ಸ್ಕೂಲ್ ಅಂಗಳ ಪೂರಾ ಸಿಮೆಂಟು. ಹುಲ್ಲುಕಡ್ಡಿನೂ ಹುಟ್ಟಲ್ಲ ಅಲ್ಲಿ.

"ಎಲ್ಲೋ ಹೋಗಿದ್ದೆ?"
ಮಾತಿಲ್ಲ. ಟಿಫನ್ ಡಬ್ಬಿ ಮಾತ್ರ ಖಾಲಿ. (ಮನೇಲಿ ಚಿತ್ರಾನ್ನ ಅಂದ್ರೆ ಮೂಗು ಮುರಿಯೋನು!)
"ರತ್ನಗಿರಿ ಬೋರೆಗೆ... ಗಣಿತದ ಹೋಂವರ್ಕ್ ಆಗಿರ್ಲಿಲ್ಲಮ್ಮ."
"ಯಾರ ಜೊತೆ?"
"ಒಬ್ನೇ."

ಎರಡು ಬಾರಿಸೋಣ ಅಂತ ಎತ್ತಿದ ಕೈಯಲ್ಲಿ ಆ ಕಾಲುಚೀಲ. ಸುಮ್ನೆ ಕೂತು ಬೀಜ ಕೀಳೋಕೆ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಅವನೂ ಬಂದು ಪಕ್ಕದಲ್ಲಿ ಕೂತ, ಇನ್ನೊಂದು ಎತ್ಕೊಂಡ.

ನಾನೇನು ಕಮ್ಮಿನಾ? ಡಿಸೆಂಬರ್ ಬಂತು ಅಂದ್ರೆ ಕಾಫಿ ಕೊಯ್ಲಿನ ನೆಪ, ಸ್ಕೂಲಿಗೆ ಚಕ್ಕರ್. ಆದ್ರೆ ತೋಟದಲ್ಲಿ ಅಮ್ಮ ಇರ್ತಿದ್ಲು, ಕೊಯ್ಯೋ ಹೆಂಗಸರೆಲ್ಲ ಇರ್ತಿದ್ರು. ಇವನು ಯೂನಿಫಾರ್ಮಲ್ಲಿ ಅಷ್ಟು ಹೊತ್ತು ಒಬ್ಬನೇ ಕೂತು ಏನು ಮಾಡ್ದ? ಕೇಳಿದ್ರೆ, "ಬೆಟ್ಟ ನೋಡ್ತಿದ್ದೆ" ಅಂತಾನೆ.

ನಾಳೆ ಇಬ್ರೂ ಹೋಗಿ ಗಣಿತದ ಮಿಸ್ಸನ್ನ ನೋಡಬೇಕು. "ನೀನೇ ಮಾತಾಡ್ತೀಯಲ್ಲಮ್ಮ?" ಅಂತ ಮೂರು ಸಲ ಕೇಳಿದಾನೆ.

ರಾತ್ರಿ 10 ಆಯ್ತು. ಎಡಗಾಲಿಂದು ಇನ್ನೂ ಮುಗಿದಿಲ್ಲ.