ಹತ್ತು ರೂಪಾಯಿ ರಾಯಲ್ಟಿ

ಶರಣಬಸವೇಶ್ವರ ಜಾತ್ರೆಗೆ ಅಂತ ಜೇವರ್ಗಿ ಕಡೆಯಿಂದ ನಮ್ಮ ಕಾಕಾ ಕಲಬುರಗಿಗೆ ಬಂದಿದ್ದರು. ಊರಲ್ಲಿ ಅವರದೊಂದು ಭಜನಾ ಮೇಳ ಇದೆ. ಅಮಾವಾಸ್ಯೆ ಬಂತಂದ್ರೆ ರಾತ್ರಿ ಪೂರಾ ತತ್ವಪದ ಹಾಡುತ್ತಾರೆ. ಮಗ ಹೊಸದಾಗಿ ಒಂದು ಸ್ಪೀಕರ್ ಕೊಡಿಸಿದ್ದನಂತೆ. ಅದಕ್ಕೆ ಹಾಡು ತುಂಬಿಸಬೇಕು ಅಂತ ಮೆಮೊರಿ ಕಾರ್ಡನ್ನು ಕಾಗದದಲ್ಲಿ ಸುತ್ತಿ ಅಂಗಿ ಜೇಬಲ್ಲಿ ಇಟ್ಟುಕೊಂಡೇ ಬಂದಿದ್ದರು. ತೇರಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಸೂಪರ್ ಮಾರ್ಕೆಟ್ ಕಡೆ ಹೋದೆವು.

ಎಲ್ಲರ ಕೈಯಲ್ಲೂ ನೆಟ್ ಬಂದರೂ ಕಾರ್ಡ್ ತುಂಬಿಸುವ ಅಂಗಡಿಗಳು ನಮ್ಮ ಕಡೆ ಪೂರ್ತಿ ಮುಚ್ಚಿಲ್ಲ. ಸಿಗ್ನಲ್ ಸಿಗದ ತೊಗರಿ ಹೊಲದಲ್ಲಿ, ಟ್ರ್ಯಾಕ್ಟರಿನಲ್ಲಿ ಇವತ್ತಿಗೂ ಕಾರ್ಡೇ ಗಟ್ಟಿ. ಅಂಗಡಿಯ ಹುಡುಗ ಪರದೆ ನಮ್ಮ ಕಡೆ ತಿರುಗಿಸಿದ. ಡಿಜೆ, ಜಾನಪದ, ಕವ್ವಾಲಿ, ಕೊನೆಗೆ ‘ಭಜನಿ ಹಳೇದು’. ಅದರೊಳಗಿನ ಒಂದು ಹಾಡು ಒತ್ತಿದ. ಪೇಟಿ ಶುರುವಾಯಿತು. ಕಾಕಾ ಕೌಂಟರ್ ಮೇಲೆ ಬಗ್ಗಿ ಕಿವಿ ಕೊಟ್ಟರು.

“ತಡಿ ತಡಿ. ಇದು ನಾನೇ ಹಾಡಿದ್ದದ.”

ಹುಡುಗ ನಂಬಲಿಲ್ಲ. ಕಾಕಾ ಅಲ್ಲೇ ನಿಂತು ಮುಂದಿನ ಸಾಲು ದನಿ ಎತ್ತಿ ಹಾಡಿದರು. ಸ್ಕ್ರೀನ್ ಗಾರ್ಡ್ ಹಾಕಿಸಿಕೊಳ್ಳಲು ಬಂದವರೆಲ್ಲ ತಿರುಗಿ ನೋಡಿದರು. ನಾನು ಕಾಕಾನ ಕಣ್ಣಲ್ಲಿ ನೀರು ಬರಬಹುದು ಅಂದುಕೊಂಡಿದ್ದೆ. ಅವರು ಹೇಳಿದ್ದು, “ಈಗ ಕೇಳು, ಇಲ್ಲಿ ತಬಲಾದಂವ ತಾಳ ತಪ್ತಾನ.” ತಪ್ಪಿತು ಕೂಡ.

ಅದು 1992ರ ಕ್ಯಾಸೆಟ್. ಒಂದು ಸಣ್ಣ ಕಂಪನಿಯವರು ಇಡೀ ಮೇಳಕ್ಕೆ ಎರಡು ಸಾವಿರ ರೂಪಾಯಿ ಕೊಟ್ಟು, ಒಂದು ಡಬ್ಬಿ ಕ್ಯಾಸೆಟ್ ಕೈಗಿಟ್ಟು, ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಕ್ಯಾಸೆಟ್‌ಗಳೆಲ್ಲ ಬೀಗರ ಪಾಲಾಗಿ ಕಾಕಾನ ಹತ್ತಿರ ಒಂದೂ ಉಳಿದಿರಲಿಲ್ಲ. ಉಳಿದದ್ದು ಈ ಹುಡುಗನ ಹಾರ್ಡ್ ಡಿಸ್ಕಿನಲ್ಲಿ.

ಕಾರ್ಡ್ ತುಂಬಿಸಲು ಐವತ್ತು ರೂಪಾಯಿ. ಹುಡುಗ ನೋಟು ಇಸ್ಕೊಂಡು ಹತ್ತು ರೂಪಾಯಿ ವಾಪಸ್ ಕೊಟ್ಟ. “ಕಲಾವಿದರಿಗೆ ಡಿಸ್ಕೌಂಟ್ ರೀ ಮುತ್ಯಾ.” ಆ ದನಿಗೆ ಮೂವತ್ತು ವರ್ಷಗಳ ಮೇಲೆ ಬಂದ ಮೊದಲ ರಾಯಲ್ಟಿ ಅದು.

ಸಂಜೆ ಮನೆಗೆ ಬಂದು ಅದೇ ಹಾಡಿಗೆ ಕಾಕಾನ ಫೋಟೊ ಸೇರಿಸಿ ಯೂಟ್ಯೂಬಿಗೆ ಹಾಕಿದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಾಪಿರೈಟ್ ಕ್ಲೇಮ್ ಬಂತು. ವಿಡಿಯೊ ಇರಬಹುದು, ಆದರೆ ಜಾಹೀರಾತು ಬಂದರೆ ಅದರ ದುಡ್ಡು ಒಂದು ದೊಡ್ಡ ಮ್ಯೂಸಿಕ್ ಕಂಪನಿಗೆ. ಸಣ್ಣ ಕಂಪನಿಯ ಕ್ಯಾಸೆಟ್ಟುಗಳ ಹಕ್ಕೆಲ್ಲ ಯಾವಾಗಲೋ ಇವರ ಕೈ ಸೇರಿದೆ. ಹುಡುಕಿದರೆ ಹಾಡಿನ ಆ್ಯಪ್ ಒಂದರಲ್ಲೂ ಅದೇ ಹಾಡು ಸಿಕ್ಕಿತು. ಹಾಡಿದವರ ಹೆಸರಿರಬೇಕಾದ ಜಾಗದಲ್ಲಿ ‘ಜಾನಪದ ಕಲಾವಿದರು’ ಅಂತ ಇತ್ತು. ಅಷ್ಟೇ.

ಕಾನೂನು ನೋಡಿದರೆ ಕಂಪನಿ ಹೇಳುವುದು ಸರಿಯೇ. ಪದ ತತ್ವಪದಕಾರ ಕಡಕೋಳ ಮಡಿವಾಳಪ್ಪನವರದು. ಅವರು ತೀರಿಕೊಂಡು ನೂರೈವತ್ತು ವರ್ಷಕ್ಕೂ ಜಾಸ್ತಿ ಆಯ್ತು, ಆ ಪದ ಯಾರ ಸ್ವತ್ತೂ ಅಲ್ಲ. ಆದರೆ ಧ್ವನಿಮುದ್ರಣದ ಹಕ್ಕು ಬೇರೆ. ಅದು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅಂದರೆ ಈ ಹಾಡು 2052ರ ಕೊನೆವರೆಗೆ ಅವರದು. ಕಾಕಾಗೆ ಆಗ ನೂರರ ಹತ್ತಿರ. ಇನ್ನು ಹಾಡಿದವರ ಹಕ್ಕು ಅನ್ನುವುದು ನಮ್ಮ ಕಾಪಿರೈಟ್ ಕಾಯ್ದೆಗೆ ಬಂದಿದ್ದೇ 1994ರ ತಿದ್ದುಪಡಿಯಲ್ಲಿ. ಕಾಕಾ ಎರಡು ವರ್ಷ ಮುಂಚೆ ಹಾಡಿಬಿಟ್ಟಿದ್ದರು! 2012ರಲ್ಲಿ ಹಾಡಿದವರಿಗೆ ರಾಯಲ್ಟಿಯಲ್ಲಿ ಪಾಲು, ಹೆಸರು ಹೇಳಿಸಿಕೊಳ್ಳುವ ಹಕ್ಕು ಎಲ್ಲ ಸೇರಿತು. ಹಿಂದಿ ಸಿನಿಮಾ ಹಾಡು ಬರೆಯುವ ಜಾವೇದ್ ಅಖ್ತರ್ ಅವರಂಥವರು ರಾಜ್ಯಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದ ತಿದ್ದುಪಡಿ ಅದು. ಇದೆಲ್ಲ ಜೇವರ್ಗಿಯ ಹಳ್ಳಿಗೆ ಯಾರು ಬಂದು ಹೇಳಬೇಕು?

ಹಾಡು ಹಂಚಿಕೊಳ್ಳುವವರನ್ನು ಕಂಪನಿಗಳು ಕಳ್ಳರು ಅನ್ನುವುದು ಹೊಸದೇನಲ್ಲ. 1999ರಲ್ಲಿ ನೆಟ್ಟಿನಲ್ಲಿ ಜನ ಒಬ್ಬರಿಗೊಬ್ಬರು ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, 2001ರಲ್ಲಿ ಕೋರ್ಟು ಅದನ್ನು ನಿಲ್ಲಿಸಿತು. ಆಮೇಲೆ ಅಮೆರಿಕದ ಕಂಪನಿಗಳು ಕೇಳುಗರ ಮೇಲೇ ಕೇಸು ಹಾಕಿದವು. ಮಿನ್ನೆಸೋಟಾದ ಒಬ್ಬ ಹೆಂಗಸಿಗೆ 24 ಹಾಡಿಗೆ ಕೊನೆಗೆ ಬಿದ್ದ ದಂಡ 2,22,000 ಡಾಲರ್. ಆಗ ನೆಟ್ಟಿನಲ್ಲಿ ಒಂದು ಹಾಡಿನ ಬೆಲೆ 99 ಸೆಂಟ್. ಲೆಕ್ಕ ನೀವೇ ಹಾಕಿ.

ಹಾಗಂತ ಸೂಪರ್ ಮಾರ್ಕೆಟಿನ ಹುಡುಗ ಸಾಚಾ ಅಂತಲೂ ನಾನು ಹೇಳುವುದಿಲ್ಲ. ಶುಕ್ರವಾರ ಬಂದ ಸಿನಿಮಾದ ಹಾಡು ಶನಿವಾರ ಅವನ ಫೋಲ್ಡರಿನಲ್ಲಿರುತ್ತದೆ. ಹಾಡಿಕೊಂಡೇ ಹೊಟ್ಟೆ ಹೊರೆಯುವ ನಮ್ಮ ಕಡೆಯ ಹೊಸ ಹುಡುಗರ ಜಾನಪದವನ್ನೂ ಅವನು ಬಿಡುವುದಿಲ್ಲ. ಅದು ತಪ್ಪೇ. ಆದರೆ ಅವನು ಯಾವ ಹಾಡನ್ನೂ ತನ್ನದು ಅನ್ನಲಿಲ್ಲ. ಹಾಡಿದವರು ಎದುರಿಗೆ ಬಂದಾಗ ಹತ್ತು ರೂಪಾಯಿ ಬಿಟ್ಟ. ಕಾಗದ ಇಟ್ಟುಕೊಂಡವರು ಹೆಸರನ್ನೂ ಬಿಟ್ಟಿದ್ದಾರೆ. ನನಗೆ ಸಿಟ್ಟು ಬಂದದ್ದು ಜಾಹೀರಾತಿನ ದುಡ್ಡಿಗಲ್ಲ, ಆ ಹೆಸರಿಗೆ.

ಕಾಕಾಗೆ ವಿಷಯ ಹೇಳಿದೆ. ಅವರು ಬೇಜಾರಾಗಲಿಲ್ಲ. “ಸಹಿ ಮಾಡೀವಲ್ಲೋ, ಅದು ಅವರದು. ನನ್ನ ಗಂಟಲು ಇನ್ನೂ ನನ್ ಬಲ್ಲೆ ಅದ, ಇಲ್ಲೇನು?” ಅಂದರು. ಮುಂದಿನ ಅಮಾವಾಸ್ಯೆಗೆ ಊರಿಗೆ ಹೋಗಿ ಅದೇ ಪದವನ್ನು ಫೋನಿನಲ್ಲಿ ಹೊಸದಾಗಿ ರೆಕಾರ್ಡ್ ಮಾಡಿದೆ. ಈ ಸಲ ಪೇಟಿ, ತಬಲಾ, ತಾಳ, ಹಿಂದೆ ದನಿಗೂಡಿಸಿದವರು, ಎಲ್ಲರ ಹೆಸರೂ ಕೆಳಗೆ ಬರೆದೆ. ಕ್ಲೇಮ್ ಬರಲಿಲ್ಲ.

ಎರಡು ದಿನ ಬಿಟ್ಟು ಪೇಟಿಯವರು ಫೋನ್ ಮಾಡಿದರು. “ನಮ್ ಹೆಸರು ನೋಡ್ದೆ, ಚಲೋ ಆಯ್ತು. ಇದರಾಗ ರೊಕ್ಕ ಎಷ್ಟ್ ಬರ್ತದ?” ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಚಂದಾದಾರರು ಬೇಕು, ಒಂದು ವರ್ಷದಲ್ಲಿ ಜನ ಒಟ್ಟು 4,000 ತಾಸು ನೋಡಿರಬೇಕು ಅಂತ ಹೇಳಿದೆ.

“ನಾಕ್ ಸಾವಿರ ತಾಸಾ? ಅಷ್ಟ್ ನಾವು ಹಾಡೀವ್ ಬಿಡ್ರಿ, ಕೇಳಾವರು ಬೇಕಲ್ಲ.”